ಗಾಳಿಮರದ ಬೇರಿಗೊಂದು ಬಿಳಿ ಅಂಗಿ

ನಾನು ಒಂದು ಶಿಲೀಂಧ್ರ. ಅಣಬೆಯ ಕುಲದವನು, ಗಾಳಿಮರದ ಬೇರಿನ ಒಡನಾಡಿ. ಕಡಲತೀರದ ಹಳೆಯ ನೆಡುತೋಪಿನಲ್ಲಿ ಬಿರಿದ ಅಣಬೆಯೊಂದರಿಂದ ಕಂದು ಧೂಳಾಗಿ ಹಾರಿ, ಅರಣ್ಯ ಇಲಾಖೆಯ ಸಸಿಮಡಿಗೆ ಬಂದು ಬಿದ್ದೆ. ಮೊದಲ ಮಳೆಗೆ ಎಳೆಯೊಡೆದು ಸಸಿಗಳ ಬೇರಿಗೆ ಬಿಳಿಯ ಅಂಗಿ ತೊಡಿಸಿದೆ. ಬೇರಿಗೆ ನಿಲುಕದ ನೀರನ್ನು ನಾನು ತಂದುಕೊಡುತ್ತಿದ್ದೆ; ಸಸಿ ತಾನು ಬಿಸಿಲಿನಲ್ಲಿ ಅಟ್ಟ ಸಿಹಿಯನ್ನು ನನಗೆ ಉಣಿಸುತ್ತಿತ್ತು. ಅರಸರ ನಡುವೆಯೂ ಇಷ್ಟು ನಿಷ್ಠೆಯ ಒಪ್ಪಂದ ನಡೆದಿರಲಾರದು.

ಸಸಿಮಡಿಯನ್ನು ನೋಡಿಕೊಳ್ಳುತ್ತಿದ್ದವಳು ಬೀರಮ್ಮ. ಅವಳ ಕೇರಿಗಿದ್ದುದು ಒಂದೇ ಸಿಹಿನೀರಿನ ಬಾವಿ. ದಿಬ್ಬದಿಂದ ಗಾಳಿ ತರುವ ಮರಳು ವರ್ಷವರ್ಷವೂ ಅದನ್ನು ಮುಚ್ಚುತ್ತ ಬಂದಿತ್ತು. ದಿಬ್ಬದ ಮೇಲೆ ತೋಪೆದ್ದು ನಿಂತರೆ ಮಾತ್ರ ಬಾವಿ ಉಳಿಯುತ್ತಿತ್ತು.

ನೆಡಲೆಂದು ಸಸಿ ಕೀಳುವಾಗ ಇಲಾಖೆಯ ವಾಚರ್ ಪರಮೇಶಿ ನನ್ನನ್ನು ಕಂಡು ಬೆಚ್ಚಿದ.

“ಅಕ್ಕಾ, ಬೇರಿಗೆ ಬೂಷ್ಟು ಹಿಡ್ದದೆ! ಹಿಂಗೇ ನೆಟ್ರೆ ಎಲ್ಲಾ ಕೊಳ್ತು ಹೋಗ್ತದೆ.”

“ಬುಟ್ಟಿಗಟ್ಲೆ ಬಂಗಡೆ ತೊಳ್ದ ಕೈ ಇದು. ಇದೇನ್ ಮಹಾ?”

ಬೀರಮ್ಮ ಮೀನು ತೊಳೆಯುವ ಶ್ರದ್ಧೆಯಿಂದಲೇ ಬೇರುಗಳನ್ನು ತೆಂಗಿನ ನಾರಿನಿಂದ ಉಜ್ಜಿದಳು. ನಾನು ನೇಯ್ದ ಅಂಗಿ ಚಿಂದಿಯಾಗಿ ನೀರಿನಲ್ಲಿ ತೇಲಿತು. ಅಷ್ಟರಲ್ಲಿ ಮಳೆ ಜೋರಾಗಿ, ಕೊನೆಯ ಕಟ್ಟನ್ನು ಮಾತ್ರ ಉಜ್ಜದೆಯೇ ನೆಟ್ಟರು. ಆ ಕಟ್ಟಿನೊಂದಿಗೆ ನಾನೂ ದಿಬ್ಬವೇರಿದೆ.

ಚಳಿಗಾಲ ಕಳೆಯುವಷ್ಟರಲ್ಲಿ ತೊಳೆದ ಸಸಿಗಳು ಹಳದಿಗಟ್ಟಿ ಒಣಗಿದವು. ನನ್ನವು ಹಸಿರಾಗಿ ನಿಂತವು. “ತೊಳೀದೇ ಇದ್ದದ್ದು ಇವೇ ಅಲ್ದಾ?” ಎಂದು ಬೀರಮ್ಮ ಅವುಗಳ ಮುಂದೆ ಬಹಳ ಹೊತ್ತು ಕುಳಿತಳು. ಬಿರುಬೇಸಿಗೆಯಲ್ಲಿ ಮತ್ತೆ ಬಂದು ಬೇರು ಕೆದಕಿದಳು. ಬಿಳಿಯ ಎಳೆ ಒಂದೂ ಇರಲಿಲ್ಲ.

“ಬೂಷ್ಟಿಂದ ಬದ್ಕಿದ್ದಾದ್ರೆ ಬೂಷ್ಟು ಎಲ್ಲಿ ಅಕ್ಕಾ? ಸಾಹೇಬ್ರು ಈ ದಿಬ್ಬ ಬಿಟ್ಬಿಡಿ ಹೇಳಿದ್ರು,” ಎಂದ ಪರಮೇಶಿ.

ನಾನು ಸತ್ತಿರಲಿಲ್ಲ. ಬಿಸಿಲಿನಲ್ಲಿ ಮೈಹರಡಿ ಮೆರೆಯುವುದು ನಮ್ಮ ಕುಲದ ರೀತಿಯಲ್ಲ. ಬೇರಿನ ತುದಿಯಲ್ಲಿ ಕಪ್ಪಾಗಿ ಮುದುಡಿ, ಮೋಡದ ದಾರಿ ಕಾಯುತ್ತಿದ್ದೆ. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ.

“ಕಪ್ಪೆನೂ ಬೇಸಿಗೇಲಿ ಕಾಣೂದಿಲ್ಲ. ಸತ್ತೋಯ್ತು ಅಂತ ತಿಥಿ ಮಾಡ್ತ್ಯಾ?” ಎಂದಳು ಬೀರಮ್ಮ. “ಒಂದ್ ಮಳೆ ಬೀಳ್ಲಿ ಮಾರಾಯಾ.”

ಮಳೆ ಬಿತ್ತು. ನಾನು ಒಂದೇ ಹಿಗ್ಗಿನಲ್ಲಿ ಬಿಳಿಯ ಎಳೆಯಾಗಿ ಹೊರಬಂದೆ. ಮಣ್ಣು ಸರಿಸಿದ ಬೀರಮ್ಮ, “ಕಳ್ಳಾ, ಇಲ್ಲೇ ಇದ್ಯಾ!” ಎಂದು ನಕ್ಕಳು. ಆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಸಸಿಮಡಿಗಳಿಗೆಲ್ಲ ಬೆರೆಸಿದಳು. ಅಂದಿನಿಂದ ಅಲ್ಲಿ ಯಾರೂ ಬೇರು ತೊಳೆದಿಲ್ಲ. ಆ ಸಸಿಗಳೇ ದಿಬ್ಬವೇರಿ ತೋಪಾಗಿ ನಿಂತವು.

ಈಗ ತೋಪು ಮುಪ್ಪಾಗಿದೆ, ನಾನೂ ಮುಪ್ಪಾಗಿದ್ದೇನೆ. ತಲೆ ನರೆತ ಬೀರಮ್ಮ ಪ್ರತಿ ಮುಂಗಾರಿಗೂ ನನ್ನ ಮರಗಳ ಬುಡದಿಂದ ಒಂದು ಬುಟ್ಟಿ ಮಣ್ಣು ಒಯ್ಯುತ್ತಾಳೆ. ಮರಳನ್ನು ತಡೆದವು ಗಾಳಿಮರಗಳು ಎಂದು ಜನ ಹೊಗಳುತ್ತಾರೆ. ಹೊಗಳಲಿ. ಮುಂಜಾನೆ ದಿಬ್ಬದ ಕೆಳಗೆ ಬಾವಿಯ ರಾಟೆ ಕಿರುಗುಟ್ಟುವಾಗ, ಅದು ಕರೆಯುತ್ತಿರುವುದು ನನ್ನನ್ನೇ ಎಂದು ಮಣ್ಣಿನೊಳಗಿರುವ ನನಗೆ ಗೊತ್ತು.