ಮೊದಲು ತಪ್ಪು, ಆಮೇಲೆ ಪಾಠ

“ಬರೋಬ್ಬರಿ ಮಾಡಿದ್ದನ್ನ ಹೇಳಬ್ಯಾಡ್ರವ್ವಾ, ಅದಕ್ಕ ನಿಮ್ಮ ರಿಪೋರ್ಟ್ ಅದಾವು. ಏನು ಕೆಡಿಸೀರಿ ಅದನ್ನ ಹೇಳ್ರಿ. ಮೊದಲು ತಪ್ಪು, ಆಮ್ಯಾಲೆ ಪಾಠ. ನಂದು ಕೇಳ್ರಿ. ನಾ ಮಾನ್ವಿ ದವಾಖಾನ್ಯಾಗ ಇದ್ದಾಗ ಬಾಗಲವಾಡದ ಬಸುರಿ ಒಬ್ಬಾಕಿ ಬಂದಿದ್ಲು. ಕಾಲು ಬಾತಿದ್ವು, ತಲಿ ಸಿಡಿತದ ಅಂದ್ಲು. ಬಿಪಿ ಪಟ್ಟಿ ಗಾಳಿ ಬಿಡ್ತಿತ್ತು, ಹೊರಗ ಮಂದಿ ಪಾಳಿ ಹಚ್ಚಿದ್ರು. ನಾ ಪಟ್ಟಿ ಕಟ್ಟದನ ನೂರಾ ಇಪ್ಪತ್ತು, ಎಂಬತ್ತು ಅಂತ ಬರದು ಕಳಿಸಿದೆ. ಮರುದಿನ ಫಿಟ್ಸ್ ಬಂದು, ರಾಯಚೂರಿಗೆ ಒಯ್ಯೋ ಜೀಪಿನ್ಯಾಗ ಜೀವ ಬಿಟ್ಲು. ಆ ಅಂಕಿ ರಿಜಿಸ್ಟರ್‌ನ್ಯಾಗ ಇನ್ನೂ ಅದ, ನನ್ನ ಅಕ್ಷರದಾಗ. ಈಗ ನೀವು ಹೇಳ್ರಿ. ಇಲ್ಲಿ ಆಡಿದ್ದು ಇಲ್ಲೇ ಉಳಿತದ.”

ಬುಧವಾರ ಮಧ್ಯಾಹ್ನ ಮೂರಕ್ಕೆ, ರಾಯಚೂರಿನ ನಮ್ಮ ಓಣಿಯಲ್ಲಿ, ನಿವೃತ್ತ ನರ್ಸ್ ವಿಶಾಖಾ ಫೋನನ್ನು ಚುರುಮುರಿ ಡಬ್ಬಿಗೆ ಒರಗಿಸಿಟ್ಟು, ದೇವದುರ್ಗ, ಮಾನ್ವಿ ಕಡೆಯ ಮೂವತ್ತು ನರ್ಸುಗಳ ಮುಂದೆ ಹೀಗೆ ತನ್ನ ಪಾತಕವನ್ನು ಒಪ್ಪಿಕೊಂಡೇ ಆನ್‌ಲೈನ್ ಪಾಠ ತೆರೆಯುತ್ತಿದ್ದಳು. ಕೆಳಗೆ ಮಾಸಿದ ಮನೆಸೀರೆ, ಬರಿಗಾಲು. ಮೇಲೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಕೋಟು, ಅದರ ಜೇಬಿನಡಿಗೆ ಎಷ್ಟು ಒಗೆದರೂ ಹೋಗದ ಶಾಯಿಯ ಕಲೆ. ಮೂವತ್ತು ವರ್ಷ ವಾರ್ಡಿನ ಮಂಚಗಳ ಸಂದಿಯಲ್ಲಿ ಸರಿದಾಡಿದವಳ ನಡಿಗೆ ಬಯಲಿಗೆ ಬಂದರೂ ಬದಲಾಗಲಿಲ್ಲ. ಅಗಲವಾದ ರಸ್ತೆಯಲ್ಲೂ ಒಂದು ಹೆಗಲು ಮುಂದೆ ಮಾಡಿ, ಅಡ್ಡಡ್ಡವಾಗಿ, ಯಾರ ಕಾಲಿಗೂ ತಾಗಬಾರದೆಂಬಂತೆ ನಡೆಯುತ್ತಾಳೆ. ಮಾನ್ವಿಯಲ್ಲಿ ಅವಳ ಕೈಕೆಳಗೆ ಆಯಾ ಆಗಿದ್ದವಳು ನಾನು. ಆ ದಿನ ಪಟ್ಟಿ ಕಟ್ಟದೆ ಬರೆದದ್ದನ್ನು ಕಂಡಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಅವಳ ಮನೆಯ ಪಕ್ಕದ ಖೋಲಿಯಲ್ಲಿದ್ದೇನೆ. ಬುಧವಾರ ಅವಳ ಪಡಸಾಲೆಗೆ ಹೋಗಿ, ಫೋನಿಗೆ ಕಾಣದ ಮೂಲೆಯಲ್ಲಿ ಕೂತು ಪಾಠ ಕೇಳುತ್ತಿದ್ದೆ.

ದೇವದುರ್ಗದ ಕಡೆಯ ಹುಲಗೆಮ್ಮ ಎಂಬ ಗುತ್ತಿಗೆ ನರ್ಸ್ ಎಲ್ಲರಿಗಿಂತ ಮೊದಲು ಬಾಯಿ ಬಿಡುತ್ತಿದ್ದಳು.

“ಅಕ್ಕಾರ, ಸಿಗ್ನಲ್ ಬೇಕಂದ್ರ ನಾ ನೀರಿನ ಟಾಕಿ ಮೆಟ್ಟಲಾ ಹತ್ತಬೇಕ್ರೀ!”

“ಹತ್ತವ್ವಾ, ಬೀಳಬ್ಯಾಡ. ಬಿದ್ರ ಮುಂದಿನ ವಾರ ಅದನ್ನೂ ತಪ್ಪಿನ್ಯಾಗ ಹೇಳಬೇಕಾಗ್ತದ.”

ಒಂದು ಬುಧವಾರ ಆ ಮೆಟ್ಟಿಲ ಮೇಲಿಂದಲೇ ಹುಲಗೆಮ್ಮ, ತಾನೂ ಒಬ್ಬ ಬಸುರಿಗೆ ಪಟ್ಟಿ ಕಟ್ಟದೆ ನೂರಾ ಇಪ್ಪತ್ತು, ಎಂಬತ್ತು ಬರೆದದ್ದನ್ನು ಹೇಳಿದಳು. ಆದರೆ ಮನೆಗೆ ಹೋದರೂ ವಿಶಾಖಾಳ ಕತೆ ಬೆನ್ನು ಬಿಡದೆ, ಮರುದಿನ ಬೇರೆ ಪಟ್ಟಿ ಕಡ ತಂದು ಆ ಬಸುರಿಯ ಮನೆಗೇ ಹೋಗಿ ನೋಡಿ, ಬಿಪಿ ಏರಿದ್ದು ಕಂಡು, ಅವಳನ್ನು ರಾಯಚೂರಿಗೆ ಕಳಿಸಿದ್ದಳು. ತಾಯಿ, ಕೂಸು ಇಬ್ಬರೂ ಉಳಿದರು. “ಇದಕ್ಕ ನೋಡ್ರವ್ವಾ ಪಾಠ ಅನ್ನೋದು” ಎಂದು ಕಣ್ಣೊರೆಸಿಕೊಂಡವಳು ವಿಶಾಖಾ.

ಪಾಠ ನಡೆದದ್ದಕ್ಕೆ ಪುರಾವೆಯಾಗಿ ಪ್ರತಿವಾರದ ರೆಕಾರ್ಡಿಂಗ್ ಅನ್ನು ಆರೋಗ್ಯ ಇಲಾಖೆಯ ತರಬೇತಿ ಕಚೇರಿಗೆ ಕಳಿಸಬೇಕಿತ್ತು. ಕಳಿಸುವ ಗುಂಡಿಯನ್ನು ವಿಶಾಖಾ ತನ್ನ ಬೆರಳಿನಿಂದಲೇ ಒತ್ತುತ್ತಿದ್ದಳು. “ಅವರು ತಲಿ ಎಣಿಸ್ತಾರ ಬೇ ಗೋಪಮ್ಮಾ, ಮಾತು ಯಾರು ಕೇಳ್ತಾರ?” ಎಂದು ನನಗೆ ಹೇಳುತ್ತಿದ್ದಳು. ಆ ಸಲ ಯಾರೋ ಕೇಳಿದರು. ಸುಳ್ಳು ದಾಖಲೆ ಬರೆದಳೆಂದು ಹುಲಗೆಮ್ಮನ ಗುತ್ತಿಗೆ ರದ್ದಾಯಿತು.

ವಿಶಾಖಾ ಕೋಟು ತೊಟ್ಟು ಕಚೇರಿಗೆ ಹೋದಳು. ಜೊತೆಗೆ ನಾನೂ ಹೋದೆ.

“ಅದೇ ರೆಕಾರ್ಡಿಂಗ್‌ನ್ಯಾಗ ನಾನೂ ಹೇಳೀನ್ರೀ ಸಾಹೇಬ್ರ. ಆಕಿ ಕೈಯಾಗ ಇಬ್ರು ಉಳದಾರ, ನನ್ನ ಕೈಯಾಗ ಒಬ್ಬಾಕಿ ಸತ್ತಾಳ. ನನ್ನ ಮ್ಯಾಲೂ ಬರೀರಿ.”

ಸಾಹೇಬರು ನಕ್ಕರು. “ಕೂಡ್ರಿ ಮೇಡಂ, ಚಾ ತಗೋರಿ. ನೀವು ರಿಟೈರ್ ಆದೋರು. ನಿಮ್ಮಂಥೋರ ಅನುಭವ ಇಲಾಖೆಗೆ ಆಸ್ತಿ.”

ಚಹ ಅಲ್ಲೇ ಆರಿತು. ಸಂಜೆ ಹುಲಗೆಮ್ಮ ಫೋನು ಮಾಡಿದಳು. ಬೈಯಲಿಲ್ಲ, ಅಳಲಿಲ್ಲ. “ನೀವು ಕೇಳಿದ್ರಿ ಅಂತ ಹೇಳಿದೆ ಅಕ್ಕಾರ” ಎಂದಷ್ಟೇ ಅಂದು ಇಟ್ಟಳು.

ಮುಂದಿನ ಬುಧವಾರ ಮೂವತ್ತರ ಬದಲು ನಲವತ್ತು ಮಂದಿ ಬಂದರು, ಹಾಜರಿ ಕಡ್ಡಾಯವಾಗಿತ್ತು. ವಿಶಾಖಾ ಹಳೆಯ ಕತೆ ಹೇಳಲಿಲ್ಲ. “ಇಲ್ಲಿ ಆಡಿದ್ದು ಇಲ್ಲೇ ಉಳಿತದ ಅಂತ ಹೇಳಿದ್ದು ನನ್ನ ಹೊಸ ತಪ್ಪು” ಎಂದಳು. ಫೋನಿನ ತುಂಬ ಕರಿ ಚೌಕಗಳು. ಯಾರದೂ ಮುಖವಿಲ್ಲ. “ನಿಮ್ಮವು ಹೇಳ್ರಿ” ಎಂದರೆ ಒಬ್ಬೊಬ್ಬರೂ ಅದೇ ಮಾತು: “ಏನಿಲ್ರೀ ಮೇಡಂ, ಎಲ್ಲಾ ಬರೋಬ್ಬರಿ ಅದ.” ದೇವದುರ್ಗ, ಮಾನ್ವಿಯ ಬಸುರಿಯರೆಲ್ಲ ನೂರಾ ಇಪ್ಪತ್ತು, ಎಂಬತ್ತರಲ್ಲೇ ಇದ್ದರು.

ವಿಶಾಖಾಳಂಥವರು ಲೋಕದಲ್ಲಿ ವಿರಳ, ಒಳ್ಳೆಯವರೂ ಹೌದು. ತಮ್ಮ ಎದೆಯನ್ನು ಬಗೆದು ತೋರಿಸಿದರೆ ಎದುರಿನವರಿಗೂ ಧೈರ್ಯ ಬರುತ್ತದೆಂದು ನಂಬುತ್ತಾರೆ. ಧೈರ್ಯ ಬಂದೇ ಬರುತ್ತದೆ. ಆದರೆ ಪಿಂಚಣಿಯ ನೆರಳಲ್ಲಿ ಕೂತು ಆಡುವ ಸತ್ಯಕ್ಕೂ, ನೌಕರಿಯನ್ನು ಅಂಗೈಯಲ್ಲಿ ಹಿಡಿದು ಆಡುವ ಸತ್ಯಕ್ಕೂ ಇರುವ ಅಂತರ ಅವರಿಗೆ ತಿಳಿಯುವುದು ಬೇರೆ ಯಾರೋ ಬಿದ್ದ ಮೇಲೆಯೇ. ಬಾಯಿ ಮುಚ್ಚಿಕೊಂಡೇ ಬಾಳಿದ ನನ್ನಂಥವರಿಗೆ ಇದು ಮೊದಲೇ ಗೊತ್ತಿತ್ತು. ಅದರಿಂದಲೂ ಯಾರಿಗೂ ಒಳ್ಳೆಯದಾಗಲಿಲ್ಲ.

ಫೋನು ಆರಿಸಿ, ಕೋಟನ್ನು ಬಕೀಟಿನಲ್ಲಿ ನೆನೆಹಾಕಿ, ಅವಳು ಬಂದು ನನ್ನ ಎದುರು ಕೂತಳು. ನಾನು ಸಂಜೆಯ ಅಡುಗೆಗೆ ಅಕ್ಕಿ ಹಸನು ಮಾಡಿ ಮುಗಿಸಿದ್ದೆ. “ಕಲ್ಲು ಆರಿಸೀನವ್ವಾ, ಬರೋಬ್ಬರಿ ಅದ” ಎಂದೆ. ಅವಳು ಅದೇ ಅಕ್ಕಿಯನ್ನು ಮತ್ತೆ ಮೊರಕ್ಕೆ ಸುರಿದುಕೊಂಡು, ಬೆಳಕಿಗೆ ತಿರುಗಿ, ಮೊದಲಿನಿಂದ ಆರಿಸತೊಡಗಿದಳು.