ಶಟರ್ ಒಳಗಿನ ಆರಾಧನೆ

ನನ್ನ ಗಂಟಲು ಚೆನ್ನಾಗಿದೆ. ಅದೇ ನನಗೆ ಮುಳುವಾಯಿತು.

ಭಾವನವರ ಲಾಂಡ್ರಿಯಲ್ಲಿ ನನ್ನದು ಮಡಚುವ ಕೆಲಸ. ಆಸ್ಪತ್ರೆಗಳಿಂದ, ಲಾಡ್ಜುಗಳಿಂದ ಬರುವ ಹಾಸುಬಟ್ಟೆಗಳು ಒಗೆಸಿಕೊಂಡು, ಒಣಗಿ, ಇಸ್ತ್ರಿಯಾಗಿ ಕೊನೆಗೆ ನನ್ನ ಮೇಜಿಗೆ ಬರುತ್ತವೆ. ನಾನೊಂದು ತುದಿ, ಎದುರಿಗೆ ಇನ್ನೊಬ್ಬಳು ಒಂದು ತುದಿ ಹಿಡಿದು, ಕೊಡವಿ, ಎಳೆದು, ಮೂಲೆಗೆ ಮೂಲೆ ಕೂಡಿಸಿ ಮಡಚುತ್ತೇವೆ. ನನ್ನ ಗಂಡ ವ್ಯಾನಿನಲ್ಲಿ ಗಂಟು ತರುತ್ತಾರೆ, ಗಂಟು ಒಯ್ಯುತ್ತಾರೆ. ನಾವು ಇರುವುದು ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ. ಅವೂ ಭಾವನವರವೇ. ಮದುವೆಯಾದ ಹೊಸದರಲ್ಲಿ, 'ತಮ್ಮ ಬೇರೆಲ್ಲೋ ಯಾಕಿರಬೇಕು?' ಎಂದು ಪ್ರೀತಿಯಿಂದಲೇ ಕರೆದು ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಪ್ರೀತಿಯಿಂದಲೇ ಕೊಟ್ಟರು. ಆದರೆ ಆ ಮನೆಗೆ ಬೇರೆ ಮೆಟ್ಟಿಲಿಲ್ಲ. ಹತ್ತಬೇಕೆಂದರೂ ಇಳಿಯಬೇಕೆಂದರೂ ಲಾಂಡ್ರಿಯ ಒಳಗಿಂದಲೇ. ಒಂದು ಸೊಪ್ಪಿನ ಕಟ್ಟು ತಂದರೂ ಭಾವನವರ ಮೇಜಿನ ಮುಂದೆ ಹಾದೇ ಬರಬೇಕು. 'ಏನಮ್ಮ, ಸೊಪ್ಪಾ?' ಎಂದು ಅವರು ಕೇಳದ ದಿನವಿಲ್ಲ.

ಭಾವ ಭಕ್ತರು. ಲಾಂಡ್ರಿಯ ಗೋಡೆಯ ಮೇಲೆ ಶಿಲುಬೆ ಇದೆ, ಅದರ ಕೆಳಗೆ 'ಶುಭ್ರತೆಯೇ ಭಕ್ತಿ' ಎಂಬ ಬೋರ್ಡಿದೆ. ಪ್ರತಿ ಶನಿವಾರ ಕೆಲಸ ಮುಗಿದ ಮೇಲೆ ಆರಾಧನೆ. ಎಲ್ಲರೂ ಇರಲೇಬೇಕು. ಮೊದಮೊದಲು ಎರಡನೆಯ ಹಾಡಿನ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರಂತೆ. ಅಂದಿನಿಂದ ಆರಾಧನೆಗೆ ಮುಂಚೆ ಭಾವನವರು ಶಟರ್ ಎಳೆದು, ಬಗ್ಗಿ, ಬೀಗ ಹಾಕಿ, ಕೀಲಿಕೈಯನ್ನು ಅಂಗಿಯ ಜೇಬಿಗೆ ಇಳಿಬಿಡುತ್ತಾರೆ. 'ಬೀದಿ ಗದ್ದಲ ಒಳಗೆ ಬರಬಾರದು ನೋಡಿ' ಎನ್ನುತ್ತಾರೆ. ಕೊನೆಯಲ್ಲಿ ಅವರು ಕೈಯೆತ್ತಿ ಆಶೀರ್ವಾದದ ಮಾತು ಹೇಳಬೇಕು, ನಾವೆಲ್ಲ 'ಆಮೆನ್' ಅನ್ನಬೇಕು, ಆಗ ಅವರು ಬಗ್ಗಿ ಬೀಗ ತೆಗೆಯಬೇಕು. ಆ ಆಮೆನ್ ಬರುವ ತನಕ ನರಪಿಳ್ಳೆಯೂ ಹೊರಗೆ ಹೋಗುವಂತಿಲ್ಲ.

ಇದರಲ್ಲಿ ನನ್ನ ಪಾತ್ರ ಹಾಡು. ಭಾವನವರಿಗೆ ಭಕ್ತಿ ಉಕ್ಕಿದಾಗ ನನ್ನ ಕಡೆ ತಿರುಗಿ, 'ಇನ್ನೊಂದು ಹಾಡಮ್ಮ' ಎನ್ನುತ್ತಾರೆ. ಹಾಡಿದರೆ ಇಷ್ಟು ಜನರ ಶಾಪ, ಹಾಡದಿದ್ದರೆ ಮನೆ ಕೊಟ್ಟವರ ಕೋಪ. ಅತ್ತ ದರಿ, ಇತ್ತ ಪುಲಿ. ನಾನು ಹಾಡುತ್ತೇನೆ. ಒಗೆಯುವ ಮೆಷಿನ್ ನೋಡಿಕೊಳ್ಳುವ ಮುದುಕನಿಗೆ ನಾವು ರೇಡಿಯೋ ಅಂತ ಹೆಸರಿಟ್ಟಿದ್ದೇವೆ, ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಅವನು ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ತಾಯಿ, ನಿಮ್ಮ ಗಂಟಲಿಗೆ ಒಂದು ನೆಗಡಿಯಾದ್ರೂ ಬರಬಾರದಾ? ನಿಮಗೋಸ್ಕರ ಅಲ್ಲ, ನಮಗೋಸ್ಕರ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮಾತು ನಾಟಿತು.

ಇಸ್ತ್ರಿಗೆ ಹೊಸಬಳೊಬ್ಬಳು ಬಂದ ಮೇಲೆ ನನಗೆ ಶನಿವಾರ ಬರುವುದೇ ಬೇಡವೆನಿಸತೊಡಗಿತು. ತೆಳ್ಳಗಿನ ಹುಡುಗಿ. ಹೆತ್ತು ಇನ್ನೂ ಮೈ ಕೂಡಿಕೊಂಡಿರಲಿಲ್ಲ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಅವಳ ಮನೆ ಎರಡು ಬೀದಿ ಆಚೆ. ಮಧ್ಯಾಹ್ನ ಓಡಿಹೋಗಿ ಹಾಲು ಕೊಟ್ಟು ಓಡಿಬರುತ್ತಿದ್ದಳು. ಸಂಜೆ ಶಟರ್ ಬಾಗಿಲಲ್ಲಿ ಮೊದಲು ಹೊರಬೀಳುವವಳೂ ಅವಳೇ, ಶನಿವಾರ ಒಂದನ್ನು ಬಿಟ್ಟು.

ಹಾಡುವವಳು ಎಲ್ಲರಿಗೂ ಎದುರಾಗಿ ನಿಂತಿರುತ್ತಾಳೆ. ಹಾಗಾಗಿ ಬೇರೆ ಯಾರಿಗೂ ಕಾಣದ್ದು ನನಗೆ ಕಾಣುತ್ತಿತ್ತು. ಮೊದಲ ಹಾಡಿಗೆ ಅವಳು ಕೈ ಕಟ್ಟಿ ನಿಂತಿರುತ್ತಿದ್ದಳು. ಎರಡನೆಯದಕ್ಕೆ ಕಟ್ಟಿದ ಕೈಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಮೂರನೆಯದರ ಹೊತ್ತಿಗೆ ರವಿಕೆಯ ಮೇಲೆ ಒದ್ದೆ ಹರಡುತ್ತಿತ್ತು. ಹಾಲು ಗಡಿಯಾರ ನೋಡುವುದಿಲ್ಲವಲ್ಲ. ಅವಳು ಪಕ್ಕದ ರಾಶಿಯಿಂದ ಒಂದು ದಿಂಬಿನ ಚೀಲ ತೆಗೆದು ಎದೆಗೆ ಅಡ್ಡ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ದೇವರನ್ನು ಕೊಂಡಾಡುವ ಸಾಲುಗಳು ನನ್ನ ಬಾಯಿಂದ ಹೊರಬರುತ್ತಲೇ ಇರುತ್ತಿದ್ದವು. ಶಟರಿಗೆ ಎರಡು ಬೀಗ, ಒಂದು ಕಬ್ಬಿಣದ್ದು, ಇನ್ನೊಂದು ನನ್ನ ಗಂಟಲು ಎಂದು ನನಗೇ ಅನ್ನಿಸುತ್ತಿತ್ತು.

ಗಂಡನಿಗೆ ಹೇಳಿದೆ. "ರೀ, ನಿಮ್ಮಣ್ಣನಿಗೆ ಒಂದು ಮಾತು ಹೇಳಬಾರದಾ? ಅವಳನ್ನ ಒಬ್ಬಳನ್ನ ಬಿಟ್ಟುಬಿಡಲಿ."

"ಹೇಳಬಹುದು" ಎಂದರು. ನನ್ನ ಗಂಡ 'ಹೇಳಬಹುದು' ಎಂದರೆ ಹೇಳುವುದಿಲ್ಲ ಎಂದೇ ಅರ್ಥ. ಅಣ್ಣನ ಎದುರು ಅವರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನಾನೇ ಹೋಗಿ ಭಾವನವರಿಗೆ ಹೇಳಿದೆ.

"ನೋಡಮ್ಮ" ಎಂದರು ಭಾವ, ಸಿಟ್ಟಿಲ್ಲದೆ. "ಒಬ್ಬಳಿಗೆ ಮಗು, ಇನ್ನೊಬ್ಬಳಿಗೆ ಗಂಡ, ಮತ್ತೊಬ್ಬನಿಗೆ ಬಸ್ಸು. ಹೀಗೆ ಬಿಡ್ತಾ ಹೋದ್ರೆ ದೇವರ ಮುಂದೆ ನಿಲ್ಲೋರು ಯಾರು? ವಾರಕ್ಕೊಂದು ದಿನ. ಅಷ್ಟೂ ತ್ಯಾಗ ಬೇಡವಾ?"

ತ್ಯಾಗ ಯಾರದು ಎಂದು ಕೇಳಬೇಕೆನಿಸಿತು. ಮೇಲಿನ ಎರಡು ಕೋಣೆ ನೆನಪಾಗಿ ನನ್ನ ಮೇಜಿಗೆ ಹಿಂತಿರುಗಿದೆ.

ಆಮೇಲೆ ಒಂದು ಶನಿವಾರ ಪಾಸ್ಟರ್ ಬಂದರು. ಭಾವನವರನ್ನು ಚರ್ಚಿನ ಸಭೆಯ ಹಿರಿಯರನ್ನಾಗಿ ಮಾಡುವ ಮಾತು ನಡೆದಿತ್ತು, ಲಾಂಡ್ರಿಯ ಆರಾಧನೆಯನ್ನು ಕಣ್ಣಾರೆ ನೋಡಬೇಕೆಂದು ಪಾಸ್ಟರೇ ಆಸೆಪಟ್ಟಿದ್ದರಂತೆ. ಒಳ್ಳೆಯ ಮನುಷ್ಯ. ಕಷ್ಟವೆಂದರೆ ಅವರು ಕಣ್ಣು ಮುಚ್ಚಿದರೆಂದರೆ ಲೋಕಕ್ಕೇ ಬಾಗಿಲು ಹಾಕಿದ ಹಾಗೆ. ಭಾವ ಹೊಸ ಅಂಗಿ ತೊಟ್ಟಿದ್ದರು. ಶಟರ್ ಇಳಿಯಿತು, ಬೀಗ ಬಿತ್ತು. ಬಾಯ್ಲರ್ ಆರಿಸಿದ್ದರೂ ಒಳಗೆ ಹಬೆ ಹಾಗೇ ನಿಂತಿತ್ತು. ಹಾಡಾಯಿತು, ದೇವರು ಮಾಡಿದ ಉಪಕಾರಗಳ ಸಾಕ್ಷಿ ಹೇಳಿದ್ದಾಯಿತು, ಮತ್ತೆ ಹಾಡಾಯಿತು. ಪಾಸ್ಟರ್ ಕಣ್ಣು ಮುಚ್ಚಿ ತೂಗುತ್ತಿದ್ದರು. ಭಾವನವರ ಮುಖ ಅರಳುತ್ತಿತ್ತು. ಇವತ್ತು ಬೇಗ ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಆಗ ಹೊರಗಿನಿಂದ ಶಟರ್ ಬಡಿದ ಸದ್ದು. ಒಬ್ಬ ಮುದುಕಿಯ ದನಿ. "ಯಾರಾದ್ರೂ ತೆಗೀರಪ್ಪಾ! ಮಗು ಹಸಿದು ನೀಲಿಗಟ್ಟಿದೆ, ನನ್ನ ಸೊಸೇನ ಕಳಿಸಿ!" ಹಿಂದೆಯೇ ಮಗುವಿನ ಅಳು. ಅತ್ತೂ ಅತ್ತೂ ಬತ್ತಿದ, ಕೆಮ್ಮಿನ ಹಾಗೆ ಒಡೆದ ಅಳು.

ಇಸ್ತ್ರಿಯವಳು ತಲೆಯೆತ್ತಿದಳು. ಅವಳು ಭಾವನವರ ಕಡೆ ನೋಡಲಿಲ್ಲ, ಶಟರಿನ ಕಡೆಯೂ ನೋಡಲಿಲ್ಲ. ನನ್ನನ್ನೇ ನೋಡಿದಳು.

ಭಾವ ನನ್ನ ಹತ್ತಿರ ಬಾಗಿ ಪಿಸುಗುಟ್ಟಿದರು. "ಜೋರಾಗಿ ಹಾಡಮ್ಮ. ಹೊರಗಿಂದು ಕೇಳಬಾರದು."

ಜೋರಾಗಿ ಹಾಡಬೇಕಂತೆ. ಆ ಅಳುವಿನ ಮೇಲೆ ನನ್ನ ದನಿಯನ್ನು ಕಂಬಳಿಯ ಹಾಗೆ ಹೊದಿಸಬೇಕಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಹಾಡನ್ನು ಅರ್ಧಕ್ಕೇ ನಿಲ್ಲಿಸಿದೆ. ನಿಲ್ಲಿಸಿದರೂ ಶಟರ್ ತೆರೆಯುವುದಿಲ್ಲವಲ್ಲ! ಅದು ತೆರೆಯುವುದು ಒಂದೇ ಮಾತಿಗೆ. ನಾನು ಎರಡೂ ಕೈ ಎತ್ತಿದೆ. ಹೆಂಗಸು, ಮನೆಯ ಕಿರಿಸೊಸೆ, ಆಶೀರ್ವಾದಕ್ಕೆ ಕೈಯೆತ್ತಿದ್ದನ್ನು ಆ ಲಾಂಡ್ರಿ ಹಿಂದೆಂದೂ ನೋಡಿರಲಿಲ್ಲ.

"ದೇವರು ನಿಮ್ಮೆಲ್ಲರನ್ನೂ ಕಾಯಲಿ" ಎಂದೆ. ಗಂಟಲು ಕೈಕೊಡಲಿಲ್ಲ. "ನಿಮ್ಮ ಮನೆಗಳನ್ನೂ ಮಕ್ಕಳನ್ನೂ ಕಾಯಲಿ. ಸಮಾಧಾನದಿಂದ ಹೋಗಿಬನ್ನಿ."

"ಆಮೆನ್!" ಎಂದ ರೇಡಿಯೋ, ಗೋಡೆ ಬಿರಿಯುವ ಹಾಗೆ. ಉಳಿದವರೆಲ್ಲ "ಆಮೆನ್" ಎಂದರು. ಕಣ್ಣು ಮುಚ್ಚಿದ್ದ ಪಾಸ್ಟರೂ ರೂಢಿಯಂತೆ "ಆಮೆನ್" ಎಂದರು. ಭಾವನವರ ಕೈ, ಪಾಪ, ಅದಕ್ಕೇನು ಗೊತ್ತು, ಅಭ್ಯಾಸಬಲದಿಂದ ತಾನಾಗಿ ಜೇಬಿಗೆ ಹೋಗಿತ್ತು. ಕೀಲಿಕೈ ಹೊರಗೆ ಬಂದ ಮೇಲೆ ಅವರು ನನ್ನನ್ನು ನೋಡಿದರು. ಅಷ್ಟರಲ್ಲಿ ಪಾಸ್ಟರ್ ಕಣ್ಣು ಬಿಟ್ಟಿದ್ದರು. ಭಾವ ಬಗ್ಗಿದರು.

ಶಟರ್ ಮೊಣಕಾಲೆತ್ತರಕ್ಕೆ ಬಂದದ್ದೇ ತಡ, ಇಸ್ತ್ರಿಯವಳು ಅದರಡಿ ನುಸುಳಿದಳು. ಅಲ್ಲೇ ಹೊಸ್ತಿಲ ಮೇಲೆ ಬೀದಿಗೆ ಬೆನ್ನು ಹಾಕಿ ಕೂತು ಮಗುವನ್ನು ಎದೆಗೆ ಹಾಕಿಕೊಂಡಳು. ಪಾಸ್ಟರ್ ಅದನ್ನು ನೋಡಿದರು, ಶಟರ್ ಎತ್ತಿ ಹಿಡಿದಿದ್ದ ಭಾವನವರನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು. ಭಾವನವರ ಕೈ ಹಿಡಿದುಕೊಂಡು, "ಒಂದು ಮಗುವಿಗೋಸ್ಕರ ಆರಾಧನೆಯನ್ನೇ ಮುಗಿಸಿಬಿಟ್ರಲ್ಲ! ಎಂಥ ಮನಸ್ಸು ನಿಮ್ಮದು!" ಎಂದರು. ಭಾವ ಉಗುಳಲೂ ಆಗದೆ ನುಂಗಲೂ ಆಗದೆ ನಿಂತರು.

ಅಂದು ರಾತ್ರಿ ಭಾವ ಮೆಟ್ಟಿಲು ಹತ್ತಿ ಬಂದರು. "ನಿನ್ನ ಹೆಂಡತಿ ದೊಡ್ಡ ಪ್ರವಾದಿ ಆಗಿದ್ದಾಳೆ" ಎಂದರು ತಮ್ಮನಿಗೆ. "ಪ್ರವಾದಿಗಳಿಗೆ ಬೇರೆ ಮನೆ ನೋಡು." ಭಾವ ಇಳಿದುಹೋದ ಮೇಲೆ ನನ್ನ ಗಂಡ, "ಒಂದು ಕ್ಷಮೆ ಕೇಳಿಬಿಡೇ, ಏನು ಗಂಟು ಹೋಗುತ್ತೆ?" ಎಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಹೆದರಿಕೆಯಾಗಿತ್ತು, ಅದನ್ನು ಅವರಿಗೆ ತೋರಿಸಲು ಇಷ್ಟವಿರಲಿಲ್ಲ.

ಮರುದಿನ ಭಾನುವಾರ ಪಾಸ್ಟರ್ ಚರ್ಚಿನಲ್ಲಿ ಮಾಡಿದ ಪ್ರಸಂಗದಲ್ಲಿ ಭಾವನವರ ಲಾಂಡ್ರಿಯ ಕಥೆ ಹೇಳಿದರು. ನಿಜವಾದ ಆರಾಧನೆ ಏನೆಂದು ತಿಳಿಯಬೇಕಾದರೆ ಈ ಸಹೋದರರನ್ನು ನೋಡಿ ಎಂದರು. ಇಡೀ ಸಭೆ ಹಿಂದಿರುಗಿ ನೋಡಿತು. ಹೊಗಳಿ ಅಟ್ಟಕ್ಕೇರಿಸಿದ್ದಾಯಿತು, ಭಾವನವರಿಗೆ ಇಳಿಯೋಣವೆಂದರೆ ಏಣಿ ಇಲ್ಲ. ಇಷ್ಟಾದ ಮೇಲೆ ನಮ್ಮನ್ನು ಬೀದಿಗೆ ಹಾಕಿದರೆ ಜನ ಏನೆಂದಾರು? ಮನೆಯ ಮಾತು ಅಲ್ಲಿಗೇ ನಿಂತಿತು. ಬದಲಿಗೆ ಬೇರೆ ಅಪ್ಪಣೆ ಬಂತು, ಕೆಲಸ ನಡೆಯುವಾಗಲೂ ಆರಾಧನೆಯ ಹೊತ್ತಿಗೂ ನಾನು ಕೆಳಗೆ ಕಾಲಿಡಬಾರದು.

ಇದ್ದ ಒಂದೇ ಮೆಟ್ಟಿಲು ಲಾಂಡ್ರಿಗೆ ಇಳಿಯುತ್ತದೆ. ಅಂದರೆ ಕೆಲಸ ಶುರುವಾಗುವ ಮುಂಚೆ ಹೊರಗೆ ಹೋಗಿ ಬಂದರೆ ಬಂದೆ, ಇಲ್ಲದಿದ್ದರೆ ಸಂಜೆಯವರೆಗೆ ಆ ಎರಡು ಕೋಣೆ. ಕೆಳಗಿನ ಮೆಷಿನ್ನುಗಳ ನಡುಕ ನೆಲದಿಂದ ಅಂಗಾಲಿಗೆ ಬರುತ್ತಿತ್ತು. ಕಿಟಕಿಗೆ ಎದುರು ಗೋಡೆ. ಮೊದಲ ದಿನ ನಾನು ಒಗೆದ ಬಟ್ಟೆಗಳನ್ನೇ ಮತ್ತೆ ಒಗೆದೆ. ಮಡಚಿದ್ದನ್ನು ಬಿಚ್ಚಿ ಮಡಚಿದೆ. ಅಳು ಬಂತು, ಅತ್ತೆ.

ಎರಡನೆಯ ದಿನ ಬೆಳಿಗ್ಗೆ ನನ್ನ ಗಂಡ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಬಟ್ಟೆಯ ಗಂಟು. ಗಂಟು ಕೈಕಾಲು ಆಡಿಸುತ್ತಿತ್ತು.

"ಇಸ್ತ್ರಿಯವಳ ಅತ್ತೆಗೆ ಮಗು ನೋಡ್ಕೊಳ್ಳೋಕೆ ಕೈಲಾಗಲ್ವಂತೆ. ವ್ಯಾನು ಆ ಕಡೆಯಿಂದಲೇ ಬರುತ್ತಲ್ಲ ಅಂತ..." ಎಂದರು, ನನ್ನ ಮುಖ ನೋಡದೆ. "ಅಣ್ಣನಿಗೆ ಹೇಳಿಲ್ಲ. ಹೇಳಬಹುದು."

ನಾನು ಮಗುವನ್ನು ಇಸಿದುಕೊಂಡೆ. ನನ್ನ ಗಂಡನ ಮೇಲೆ ಅಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಮಧ್ಯಾಹ್ನ ಅವಳು ಮೇಲೆ ಬಂದು ಹಾಲು ಕೊಟ್ಟಳು. ಸಂಜೆ ಎತ್ತಿಕೊಂಡು ಹೋದಳು. ಆಮೇಲೆ ದಿನವೂ ಹೀಗೇ ನಡೆಯಿತು. ಭಾವನವರಿಗೆ ಎಲ್ಲ ಗೊತ್ತಾಯಿತು, ಆದರೆ ಮಕ್ಕಳ ಮೇಲೆ ಅಷ್ಟು ಮಮತೆ ಇರುವ ಮಹಾನುಭಾವರು ಬಾಯಿ ಬಿಡುವುದಾದರೂ ಹೇಗೆ? ನಾನು ಮಗುವಿನ ಒದ್ದೆ ಬಟ್ಟೆ ಬದಲಿಸಿದೆ, ಬೆನ್ನು ತಟ್ಟಿದೆ, ಕಕ್ಕಿದ್ದನ್ನು ಒರೆಸಿದೆ. ಇಷ್ಟು ವರ್ಷ ಆ ಕಟ್ಟಡದಲ್ಲಿ ಹಾಡಿದವಳು ನಾನು. ದೇವರು ಪಕ್ಕದಲ್ಲೇ ಕೂತಿದ್ದಾನೆ ಎಂದು ನನಗೆ ಅನ್ನಿಸಿದ್ದು ಮಾತ್ರ ಆ ವಾರ.

ಶನಿವಾರ ಬಂತು. ಕೆಳಗೆ ಶಟರ್ ಇಳಿದ ಸದ್ದು ಕೇಳಿತು, ನಾನೂ ಒಳಗೇ ಬೀಗ ಬಿದ್ದವಳಾದೆ. ಹಾಡಲು ನಾನಿಲ್ಲವಾದ್ದರಿಂದ ಭಾವನವರೇ ಹಾಡತೊಡಗಿದರು. ಹಿರಿಯರಾಗಲಿರುವವರ ಹುರುಪು, ದನಿ ಮಾತ್ರ ಒಂದು ಕಡೆ, ರಾಗ ಇನ್ನೊಂದು ಕಡೆ. ಒಂದಾದ ಮೇಲೊಂದು. ಮಗುವಿಗೆ ಹಸಿವಾಯಿತು. ಎತ್ತಿ ಆಡಿಸಿದೆ, ಬೆರಳು ಚೀಪಿಸಿದೆ. ಬೆರಳಿಗೆ ಮೋಸಹೋಗುವ ವಯಸ್ಸು ಅದು ದಾಟಿತ್ತು. ಬಾಯಿ ತೆರೆದು ಕಿರುಚಿತು. ನಾನು ಬಾಗಿಲು ತೆರೆದು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೆಟ್ಟಿಲ ತುದಿಯಲ್ಲಿ ಕೂತೆ. ಕೆಳಗೆ ಕಾಲಿಡಬಾರದು ಎಂದಿದ್ದರು, ಇಡಲಿಲ್ಲ.

ಅಳು ಮೆಟ್ಟಿಲಿಳಿದು ಹೋಯಿತು. ಭಾವನವರ ದನಿ ಏರಿತು. ಮಗುವಿನ ದನಿಯೂ ಏರಿತು.

ಇಸ್ತ್ರಿಯವಳು ಸಾಲು ಬಿಟ್ಟು ಹೊರಟಳು. ಕೀಲಿಕೈ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ, ಮೆಟ್ಟಿಲಿಗೆ ಬೀಗವಿಲ್ಲ. ಭಾವನವರು ಹಾಡುತ್ತಲೇ ಕೈಸನ್ನೆ ಮಾಡಿ ತಡೆಯಲು ನೋಡಿದರು. ಅವಳು ಒಂದೊಂದೇ ಮೆಟ್ಟಿಲು ಹತ್ತಿ ಬಂದು, ನನ್ನ ತೊಡೆಯಿಂದ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಗೋಡೆಗೊರಗಿ ಕೂತಳು. ಅವಳ ಹಿಂದೆ ರೇಡಿಯೋ ಬಂದ. "ಸ್ವಲ್ಪ ನೀರು ಕೊಡಿ ತಾಯಿ" ಎಂದ. ಅವನ ಹಿಂದೆ ನನ್ನ ಎದುರು ನಿಂತು ಮಡಚುತ್ತಿದ್ದವಳು ಬಂದಳು. ಅವಳಿಗೆ ನೀರಿನ ನೆಪವೂ ಬೇಕಿರಲಿಲ್ಲ. ಆಮೇಲೆ ಉಳಿದವರು, ಎಲ್ಲರ ಹಿಂದೆ ನನ್ನ ಗಂಡ. ಚಿಕ್ಕ ಕೋಣೆ, ಗಂಡಸರು ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತರು, ಹೆಂಗಸರು ಒಳಗೆ. ಯಾರೋ ಮಗುವಿನ ಒಣಗಿದ ಬಟ್ಟೆಗಳನ್ನು ಹಗ್ಗದಿಂದ ತೆಗೆದು ಮಡಚತೊಡಗಿದರು. ಯಾರೂ ಹಾಡಲಿಲ್ಲ, ಯಾರೂ ಪ್ರಾರ್ಥನೆ ಹೇಳಲಿಲ್ಲ. ರೇಡಿಯೋ ಕೂಡ ಮಾತಾಡಲಿಲ್ಲ.

ಕೆಳಗೆ ಭಾವನವರು ಒಬ್ಬರೇ ಆ ಹಾಡನ್ನು ಕೊನೆಯವರೆಗೂ ಹಾಡಿದರು. ಬಹಳ ಹೊತ್ತಾದ ಮೇಲೆ ಮೆಟ್ಟಿಲ ಬುಡದಿಂದ ಅವರ ದನಿ ಕೇಳಿತು. ಅದರಲ್ಲಿ ಗತ್ತು ಇರಲಿಲ್ಲ.

"ಶಟರ್ ತೆಗೀಲಾ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಗು ಇನ್ನೂ ಕುಡಿಯುತ್ತಿತ್ತು. ಅದು ಕುಡಿದು ಮುಗಿಸುವವರೆಗೆ ಯಾರೂ ಏಳಲಿಲ್ಲ.