ಕ್ಲಚ್ಚಿನ ವಾಯರು ಮಗ್ಗದ ನೂಲಲ್ಲ

ಕಲ್ಲೇಶನ ಮೋಟಾರ್ ಬೈಕಿನ ಕ್ಲಚ್ಚು ಕೋಣನ ಹಾಗೆ ಹಟ ಹಿಡಿದಿತ್ತು. ಎಷ್ಟು ಹಿಚುಕಿದರೂ ಗೇರು ಬೀಳದು. ಬಿದ್ದರೆ ಗಾಡಿ ಗಕ್ಕನೆ ಮುಂದಕ್ಕೆ ಹಾರುವುದು. ಇಳಕಲ್ಲಿನ ಸುತ್ತ ಕಲ್ಲು ಕೊಯ್ಯುವ ಊರುಗಳಲ್ಲಿ ಗಾಡಿಗಳಿಗೆ ಈ ರೋಗ ಹೊಸದಲ್ಲ. ಕಲ್ಲಿನ ಧೂಳು ಸಂದಿ ಸಿಕ್ಕಲ್ಲೆಲ್ಲ ಹೊಗುತ್ತದೆ.

ಕಲ್ಲೇಶ ಸೀರೆ ನೇಯುವವನು. ತನಗೆ ತಿಳಿದ ಮದ್ದು ಮಾಡಿದ. ಅಡುಗೆಮನೆಯಿಂದ ಕುಸುಬೆ ಎಣ್ಣೆ ತಂದು ವಾಯರಿನ ಬಾಯಿಗೆ ಹೊಯ್ದ. ಕ್ಲಚ್ಚು ಸ್ವಲ್ಪ ದಿನ ಬೆಣ್ಣೆಯಂತಾಯಿತು. ಆಮೇಲೆ ಎಣ್ಣೆಯೂ ಧೂಳೂ ಕೂಡಿ ಒಳಗೆ ಅಂಟುಗಟ್ಟಿ ಮೊದಲಿಗಿಂತ ಬಿಗಿಯಾಯಿತು.

ಅಂದು ಬೆಳಿಗ್ಗೆ ಅವನ ಹೆಂಡತಿ ಇಂದ್ರವ್ವ ಹ್ಯಾಂಡಲಿನ ಹತ್ತಿರ ಬಗ್ಗಿ ನೋಡಿದಳು. ಹಿಡಿಕೆಗೆ ಸಿಕ್ಕಿಸಿದ ವಾಯರಿನ ತುದಿಯ ಗುಂಡಿನ ಪಕ್ಕದಲ್ಲಿ ತಂತಿಯ ಎಳೆಗಳು ಹರಿದು ಜಾಲಿಮುಳ್ಳಿನಂತೆ ಎದ್ದು ನಿಂತಿದ್ದವು. ಅವಳು ಗಂಡನನ್ನು ಕೂಗಿದಳು.

“ಇಲ್ನೋಡ್ರಿ, ಎಳಿ ಹರದಾವು. ಇವತ್ತ ಗಾಡಿ ಬ್ಯಾಡ, ನಡಕೋತ ಹೋಗ್ರಿ.”

“ಇನ್ನೂ ಬೇಕಾದಷ್ಟು ಎಳಿ ಅದಾವು. ಒಂದೆಳಿ ಹರೀತಂತ ಮಗ್ಗಾ ನಿಲ್ಲಿಸ್ತಾರೇನು? ನೂಲಿನ ಮಾತು ನನಗ ಹೇಳಬ್ಯಾಡ.”

“ಹಿಂದ ಕೂಡೋದು ನೂಲಲ್ರಿ. ನನ್ನ ಮಗಳು.”

ಮಗಳು ರಾಧಿಕಾ ಇಳಕಲ್ಲಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಊರ ಹೊರಗಿನ ಏರು ಹತ್ತಿ, ಹೈವೇ ದಾಟಿದರೆ ಅವಳಿಗೆ ಬಸ್ಸು. ಆ ಹೈವೇಯಲ್ಲಿ ಗ್ರಾನೈಟ್ ಬಂಡೆ ಹೊತ್ತ ಲಾರಿಗಳು ಓಡಾಡುತ್ತವೆ. ಬ್ರೇಕು ಹಾಕಿದ ಕೂಡಲೆ ನಿಲ್ಲುವ ಜಾತಿ ಅವಲ್ಲ.

ಅಪ್ಪ ಮಗಳು ಹೋದರು. ಇಂದ್ರವ್ವ ಹಿಟ್ಟು ನಾದಲು ಕೂತಳು, ರೊಟ್ಟಿ ಬಡಿಯುವುದು ಆಗಲಿಲ್ಲ. ಎದ್ದು ಬಾಗಿಲಿಗೆ ಬಂದಳು, ಮತ್ತೆ ಒಳಗೆ ಹೋದಳು. ಒಲೆಯ ಮೇಲಿನ ಹಂಚು ಬರಿದೇ ಕಾಯುತ್ತಿತ್ತು.

ಬಿಸಿಲೇರುವ ಹೊತ್ತಿಗೆ ಇಬ್ಬರೂ ವಾಪಸು ಬಂದರು. ಕಲ್ಲೇಶ ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದ. ರಾಧಿಕಾಳ ಚೂಡಿದಾರ ಮೊಣಕಾಲಿನ ಹತ್ತಿರ ಹರಿದು ರಕ್ತವಾಗಿತ್ತು.

“ಲಾರಿ ಬಂತಂತ ಅಪ್ಪ ಕ್ಲಚ್ ಹಿಡದ್ನವಾ. ಟಪ್ ಅಂತು. ಗಾಡಿ ನಿಲ್ಲಲೇ ಇಲ್ಲ, ಮುಂದ ನುಗ್ಗತು. ಅಪ್ಪ ಎರಡೂ ಬ್ರೇಕ್ ಒತ್ತಿದಾ, ಇಬ್ಬರೂ ಬಿದ್ವಿ. ಲಾರಿ ಗಾಲಿ ಇಲ್ಲೇ ಹಾದು ಹೋತು,” ಎಂದು ಗೇಣಿನಷ್ಟು ಜಾಗ ತೋರಿಸಿದಳು.

ಇಂದ್ರವ್ವ ಗಂಡನ ರಟ್ಟೆ ಹಿಡಿದು ಗಾಡಿ ಸಮೇತ ನೇರ ಓಣಿಯ ಕೊನೆಯ ಮನೆಗೆ ಎಳೆದುಕೊಂಡು ಹೋದಳು.

ಅದು ಕಾಸಿಂಬಿಯ ಮನೆ. ಅವಳೂ ಇಂದ್ರವ್ವನೂ ಒಂದೇ ಮಹಿಳಾ ಸಂಘದವರು. ಗಂಡ ಇಮಾಮಸಾಬ ಗಾಡಿ ಮಿಸ್ತ್ರಿಯಾಗಿದ್ದಾಗ ಅವನ ಜೊತೆ ನಟ್ಟು ಬಿಚ್ಚುವ ಪಾನಾ ಹಿಡಿದು ಕೆಲಸ ಕಲಿತವಳು. ಈಗ ಮನೆಯ ಮುಂದೆ ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದಾಳೆ.

“ಕುಸುಬಿ ಎಣ್ಣಿ ಹೊಯ್ದೀ?” ಎಂದು ಕಾಸಿಂಬಿ ಹರಿದ ವಾಯರು ಮೂಸಿ ನೋಡಿ ಕೇಳಿದಳು. “ಲೇ ತಮ್ಮಾ, ಅದು ಚಟ್ನಿಗಿ ಹಾಕೋದು! ಇನ್ನಷ್ಟು ಖಾರಾ ಉದುರಿಸಿದ್ರ ರೊಟ್ಟಿಗಿ ಹಚ್ಚಿಕೊಂಡು ತಿನ್ನಬಹುದಿತ್ತು.”

“ಚೇಷ್ಟೆ ಸಾಕು ಕಾಸಿಂಬಕ್ಕಾ. ವಾಯರ್ ಕೊಡು, ನಾನ ಹಾಕ್ತೇನಿ.”

“ಹಾಕು, ಬ್ಯಾಡಂದವರ್ಯಾರು? ಮನ್ಯಾಗ ಹಾಕೋ ಕೆಲಸಾನ ಇದು. ಆದ್ರ ಪೂರ್ತಿ ಕೇಳು.” ಅವಳು ಅವನ ಗಾಡಿಗೆ ಹೊಂದುವ ಹೊಸ ವಾಯರು ತೆಗೆದು, ಹಳೆಯದರ ಪಕ್ಕ ಹಿಡಿದು ಉದ್ದ ನೋಡಿದಳು. “ಇಂಜಿನ್ ಆರಿರಬೇಕು. ಸಮ ನೆಲದ ಮ್ಯಾಲ ಡಬಲ್ ಸ್ಟ್ಯಾಂಡ್ ಹಾಕು. ಮ್ಯಾಲ ಹಿಡಿಕಿ ಹತ್ರ ಒಂದು ತಿರುಪು ಐತಿ, ಕೆಳಗ ಇಂಜಿನ್ ಹತ್ರ ಒಂದು. ಎರಡೂ ಮೊದಲು ಸಡ್ಲ ಮಾಡು. ಹಳೇದು ಯಾವ ಹಾದ್ಯಾಗ ಹೋಗಿತ್ತೋ ಹೊಸಾದೂ ಅದರಾಗ ಹೋಗಬೇಕು. ಎಲ್ಲೂ ಮಡಚಬಾರದು, ಬಿಸಿ ಸೈಲೆನ್ಸರಿಗಿ ತಾಗಬಾರದು. ಗುಂಡಿಗಿ ಚೂರು ಗ್ರೀಸ್ ಹಚ್ಚು. ಆಮ್ಯಾಲ ನನ್ನ ಕರಿ. ನಾ ನೋಡೂತನಕ ಗಾಡಿ ಹತ್ತಬ್ಯಾಡ.”

ಕಲ್ಲೇಶನ ಕೈ ಕೆಲಸದ ಕೈ. ಹಳೆಯ ವಾಯರಿನ ಕೆಳತುದಿಗೆ ಹೊಸದನ್ನು ದಾರದಿಂದ ಕಟ್ಟಿ ಮೇಲಿನಿಂದ ಎಳೆದ. ಹಳೆಯದು ಹೊರಬಂತು, ಹೊಸದು ಅದೇ ಹಾದಿಯಲ್ಲಿ ಹೋಗಿ ಕೂತಿತು. ಗುಂಡುಗಳನ್ನು ಸಿಕ್ಕಿಸಿದ. ಅಲ್ಲಿಯವರೆಗೆ ತಪ್ಪಿಲ್ಲ.

ಕೊನೆಗೆ ತಿರುಪು ಬಿಗಿ ಮಾಡುವಾಗ ಎಡವಿದ. ಮಗ್ಗದ ಹಾಸಿನ ಉದ್ದನೂಲು ಸಡಿಲಿದ್ದರೆ ಸೀರೆ ಹಾಳು ಎಂದು ಹುಟ್ಟಿದಾಗಿನಿಂದ ಕೇಳಿದವನು ಅವನು. ವಾಯರು ತಂಬೂರಿಯ ತಂತಿಯಾಗುವ ತನಕ ತಿರುವಿದ. ಬೆರಳಿನಿಂದ ಮೀಟಿ ಖುಷಿಪಟ್ಟ. ಕಾಸಿಂಬಿಯನ್ನು ಕರೆಯಲಿಲ್ಲ.

ಮರುದಿನ ರಾಧಿಕಾಳಿಗೆ ಪರೀಕ್ಷೆ.

“ಕಾಸಿಂಬಕ್ಕ ನೋಡ್ಲಿ ತಡೀರಿ,” ಎಂದು ಇಂದ್ರವ್ವ ಗಾಡಿಗೆ ಅಡ್ಡ ನಿಂತಳು.

“ಹೊಸ ವಾಯರ್ ಐತಿ! ಇನ್ನೇನು ನೋಡೋದು? ಸರಿ ಆಚಿಗಿ!”

ಇಂದ್ರವ್ವ ಬರಿಗಾಲಲ್ಲೇ ಓಣಿಯ ತುದಿಯವರೆಗೆ ಅವರ ಹಿಂದೆ ಓಡಿದಳು. ಅಲ್ಲಿಂದ ಏರು ಪೂರ್ತಿ ಕಾಣುತ್ತದೆ. ಗಾಡಿ ಅರ್ಧ ಏರು ಹತ್ತಿತು. ಆಮೇಲೆ ಇಂಜಿನ್ ಬಾಯಿ ಹರಿಯುವಂತೆ ಒದರಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಕಲ್ಲೇಶ ಎಕ್ಸಿಲರೇಟರ್ ತಿರುವಿದಷ್ಟೂ ಸದ್ದು ಹೆಚ್ಚಿತು, ಓಟ ಕಮ್ಮಿಯಾಯಿತು. ಅವರ ಬೆನ್ನಿಗೆ ಕಲ್ಲು ತುಂಬಿದ ಲಾರಿಯೊಂದು ಏರು ಹತ್ತುತ್ತಿತ್ತು. ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರೀತೆಂದು ಡ್ರೈವರ್ ನಿಲ್ಲಿಸದೆ ಹಾರ್ನ್ ಒತ್ತುತ್ತ ಬಂದ.

“ಇಳೀ ರಾಧಿಕಾ! ಜಿಗೀ!” ಇಂದ್ರವ್ವ ಕಿರುಚಿದಳು. ಅಷ್ಟು ದೂರಕ್ಕೆ ಯಾರಿಗೆ ಕೇಳಬೇಕು?

ರಾಧಿಕಾ ತಾನೇ ಜಿಗಿದಳು. ಕಲ್ಲೇಶ ಗಾಡಿಯನ್ನು ಬದಿಯ ತಗ್ಗಿಗೆ ಇಳಿಸಿದ. ಲಾರಿ ಧೂಳೆಬ್ಬಿಸಿ ದಾಟಿತು. ಇಂದ್ರವ್ವ ಏರಿನತ್ತ ಓಡಿದಳು. ಧೂಳು ಕೂತಾಗ ಇಬ್ಬರೂ ನಿಂತಿದ್ದು ಕಂಡಿತು.

ರಾಧಿಕಾಳನ್ನು ಓಣಿಯ ರಿಕ್ಷಾದಲ್ಲಿ ಪರೀಕ್ಷೆಗೆ ಕಳಿಸಿ, ಕಲ್ಲೇಶ ಗಾಡಿ ತಳ್ಳಿಕೊಂಡು ಬೈಯುತ್ತ ಕಾಸಿಂಬಿಯ ಅಂಗಡಿಗೆ ಬಂದ. “ಡೂಪ್ಲಿಕೇಟ್ ಮಾಲ್ ಕೊಟ್ಟೀಯಲ್ಲ ಅಕ್ಕಾ! ಗಾಡಿ ಏರಂಗಿಲ್ಲ, ಸುಟ್ಟ ವಾಸನಿ ಬರಾಕತ್ತೈತಿ!”

ಕಾಸಿಂಬಿ ಕ್ಲಚ್ಚಿನ ಹಿಡಿಕೆಯನ್ನು ಒಂದೇ ಬೆರಳಲ್ಲಿ ಒತ್ತಿದಳು. ಅದು ಕಲ್ಲಿನಂತೆ ನಿಂತಿತ್ತು.

“ಮಾಲ್ ಛಲೋ ಐತಿ. ನಿನ್ನ ತಲಿ ಡೂಪ್ಲಿಕೇಟ್ ಐತಿ. ಇದೇನು ಮಗ್ಗಾ? ಕ್ಲಚ್ಚಿನ ಒಳಗ ಪ್ಲೇಟ್ ಇರ್ತಾವು. ಹಿಡಿಕಿ ಬಿಟ್ಟಾಗ ಅವು ಒಂದನ್ನೊಂದು ಗಟ್ಟಿ ಹಿಡೀಬೇಕು. ವಾಯರ್ ಇಷ್ಟು ಬಿಗಿ ಇದ್ರ, ನೀ ಬಿಟ್ರೂ ಅರ್ಧ ಕ್ಲಚ್ ಹಿಡದಂಗ. ಇಂಜಿನ್ ಒದರತೈತಿ, ಗಾಲಿಗಿ ಜೋರು ಮುಟ್ಟಂಗಿಲ್ಲ, ಪ್ಲೇಟ್ ಸುಡತಾವು.”

“ಹಂಗಾರ ಸಡ್ಲ ಬಿಡ್ಲೇನು?”

“ಭಾಳ ಸಡ್ಲಾದ್ರ ಗೇರ್ ಬೀಳಂಗಿಲ್ಲ, ನಿಂತಲ್ಲೇ ಹಾರತೈತಿ. ಹಿಡಿಕಿ ತುದಿ ಕಿರುಬೆರಳಿನ ಅಗಲದಷ್ಟು ಸುಮ್ಮನ ಆಡಬೇಕು. ಅದಾದ ಮ್ಯಾಲ ಬಿಗಿ ಹತ್ತಬೇಕು.” ಅವಳು ಕಲ್ಲೇಶನ ಹಿಂದೆಯೇ ಬಂದು ನಿಂತಿದ್ದ ಇಂದ್ರವ್ವನ ಕಡೆ ತಿರುಗಿದಳು. “ಇಂದ್ರವ್ವಾ, ನೀ ಬಾ ಇಲ್ಲಿ. ಅಂಜಿ ಸಾಯಾಕತ್ತಾಕಿ ನೀನು, ನೋಡೋದನ್ನೂ ನೀನ ಕಲಿ.”

ಕಲ್ಲೇಶ ಇಂಜಿನ್ ಹತ್ತಿರದ ತಿರುಪು ಸಡಿಲಿಸಿದ. ಇಂದ್ರವ್ವ ಹಿಡಿಕೆ ಒತ್ತಿ ನೋಡಿದಳು. “ಇನ್ನಷ್ಟು... ಇನ್ನೂ ಚೂರು... ಸಾಕು.” ಮೇಲಿನ ತಿರುಪಿನಲ್ಲಿ ಕೂದಲೆಳೆಯ ವ್ಯತ್ಯಾಸ ಸರಿಮಾಡಿ, ತಿರುಪು ಅಲ್ಲಾಡದಂತೆ ಹಿಂದಿನ ನಟ್ ಬಿಗಿದರು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುವಿ, ವಾಯರು ಜಗ್ಗುವುದಿಲ್ಲವೆಂದು ನೋಡಿದರು. ಡಬಲ್ ಸ್ಟ್ಯಾಂಡಿನ ಮೇಲೆ ಚಾಲೂ ಮಾಡಿ, ಕ್ಲಚ್ಚು ಹಿಡಿದು ಗೇರು ಹಾಕಿದರು. ಗಾಡಿ ಜಗ್ಗಲಿಲ್ಲ.

“ಈಗ ಏರಿಗಿ ನೀ ಒಬ್ಬನ ಹೋಗು,” ಎಂದಳು ಕಾಸಿಂಬಿ. “ಹಿಂದ ಯಾರೂ ಬ್ಯಾಡ. ಇಷ್ಟಾದ ಮ್ಯಾಲೂ ಜಾರಿದ್ರ ಪ್ಲೇಟ್ ಹೋಗ್ಯಾವು ಅಂತ ತಿಳಿ, ಗ್ಯಾರೇಜಿಗಿ ಒಯ್ಯಿ.”

ಏರಿನ ತಳದಲ್ಲಿ ಇಂದ್ರವ್ವ ಸೆರಗನ್ನು ಬಾಯಿಗೆ ಒತ್ತಿ ನಿಂತಳು. ಗಾಡಿ ಸಲೀಸಾಗಿ ಹತ್ತಿ ಮೇಲೆ ನಿಂತಿತು, ತಿರುಗಿ ಇಳಿದು ಬಂತು. ಕಲ್ಲೇಶ ಹೆಂಡತಿಯ ಮುಖ ನೋಡಲಾರದೆ ನೆಲ ನೋಡಿದ.

“ನಿನ್ನ ಮಾತು ಕೇಳಬೇಕಿತ್ತು. ನನ್ನ ಕೈಯಾರ ಮಗಳನ್ನ ಎರಡು ಸಲ ಗಾಲಿ ಕೆಳಗ ಒಯ್ದಿದ್ದೆ.”

ಮರುದಿನ ಬೆಳಿಗ್ಗೆ ರಾಧಿಕಾ ಹತ್ತುವ ಮೊದಲು ಇಂದ್ರವ್ವ ಹಿಡಿಕೆಗೆ ಕೈ ಹಾಕಿದಳು. ತುದಿ ಆಡುವುದನ್ನು ನೋಡಿದಳು, ಗುಂಡಿನ ಹತ್ತಿರ ಎಳೆಗಳನ್ನು ನೋಡಿದಳು. ಕಲ್ಲೇಶ ಗಾಡಿ ಚಾಲೂ ಮಾಡದೆ ಕಾದ. “ಹ್ಞಾಂ, ಹೋಗ್ರಿ ಇನ್ನ,” ಎಂದು ಅವಳು ಹೇಳಿದ ಮೇಲೆಯೇ ಗಾಡಿ ಹೊರಟಿತು.

ಓದುವವರೇ, ಕೇಳುವವರೇ, ನಿಮ್ಮ ಗಾಡಿ ಹೊರಗೆ ನಿಂತಿದೆಯಲ್ಲ? ಎದ್ದು ಹೋಗಿ ಕ್ಲಚ್ಚಿನ ಹಿಡಿಕೆ ಒತ್ತಿ. ಬಿಗಿಯಾಗಿದ್ದರೆ ಸಡಿಲಿಸಿ, ಬಹಳ ಸಡಿಲಿದ್ದರೆ ಬಿಗಿ ಮಾಡಿ. ಒಂದೇ ಒಂದು ಎಳೆ ಹರಿದಿದ್ದರೂ ಆ ಗಾಡಿಯನ್ನು ಹೈವೇಗೆ ಒಯ್ಯಬೇಡಿ, ವಾಯರು ಬದಲಿಸಿ. ಹಾದಿಯಲ್ಲಿ ಹರಿದರೆ ಎಕ್ಸಿಲರೇಟರ್ ಬಿಡಿ, ಬ್ರೇಕು ಹಿಡಿಯಿರಿ, ಇಂಜಿನ್ ಬಂದ್ ಮಾಡಿ ಬದಿಗೆ ಸರಿಯಿರಿ. ನಿಮಗೆ ಬಾರದಿದ್ದರೆ ಬಲ್ಲವರನ್ನು ಕರೆಯಿರಿ. ಕರೆದರೆ ಮಾನ ಹೋಗುವುದಿಲ್ಲ. ನಿಮ್ಮ ಹಟಕ್ಕೆ ಹಿಂದಿನ ಸೀಟಿನಲ್ಲಿ ಕೂತವರು ಯಾಕೆ ಸಾಯಬೇಕು?